ಜಮೀನಿಗಾಗಿ ಮದುವೆಯಾದರೇ? ಇಂಪೀರಿಯಲ್ ಕಣಿವೆಯ ಹಳೇ ಕಾಗದಗಳನ್ನು ಓದುತ್ತಾ

ಕ್ಯಾಲಿಫೋರ್ನಿಯಾದ ಪಂಜಾಬಿ-ಮೆಕ್ಸಿಕನ್ ಕುಟುಂಬಗಳ ಕಥೆ ಈಗ ಸಾಕಷ್ಟು ಜನರಿಗೆ ಗೊತ್ತು. ನೂರು ವರ್ಷದ ಹಿಂದೆ ಪಂಜಾಬಿನಿಂದ ಹೋದ ರೈತರು, ಹತ್ತಿ ಬಿಡಿಸಲು ಬಂದ ಮೆಕ್ಸಿಕೋದ ಹೆಣ್ಣುಮಕ್ಕಳನ್ನು ಮದುವೆಯಾದರು. ಹುಟ್ಟಿದ ಮಕ್ಕಳಿಗೆ ಮರಿಯಾ ಸಿಂಗ್, ಹೊಸೆ ಸಿಂಗ್ ಅಂತೆಲ್ಲ ಹೆಸರು. ಈ ಕಥೆ ಹೇಳುವವರು ಕೊನೆಗೆ ಒಂದು ಮಾತು ಸೇರಿಸುವುದುಂಟು: "ಪಂಜಾಬಿಗಳಿಗೆ ಅಲ್ಲಿ ಜಮೀನು ಕೊಳ್ಳುವ ಹಕ್ಕಿರಲಿಲ್ಲ, ಅದಕ್ಕೇ ಮೆಕ್ಸಿಕನ್ ಹೆಂಗಸರನ್ನು ಕಟ್ಟಿಕೊಂಡು ಅವರ ಹೆಸರಿನಲ್ಲಿ ಜಮೀನು ಮಾಡಿದರು." ಕೇಳುವವರು ಹೌದಲ್ವಾ ಅಂತ ತಲೆಯಾಡಿಸುತ್ತಾರೆ. ಚೆನ್ನಾಗಿ ಕೂಡಿಬರುವ ಕಥೆ. ಗಂಡಸರ ಜಾಣತನವೂ ಇದೆ, ಕಾನೂನಿಗೆ ಚಳ್ಳೆಹಣ್ಣು ತಿನ್ನಿಸಿದ ಖುಷಿಯೂ ಇದೆ.

ತೊಂದರೆ ಏನೆಂದರೆ, ತಾರೀಖುಗಳು ಇದನ್ನು ಒಪ್ಪುವುದಿಲ್ಲ.

ಅಮೆರಿಕದಲ್ಲಿ ಇತಿಹಾಸ ಓದುತ್ತಿದ್ದಾಗ ನನ್ನ ತಲೆ ತಿಂದ ವಿಷಯ ಇದು. ಅಲ್ಲಿನ ವಿಭಾಗಗಳಲ್ಲಿ ಕೃಷಿ ಇತಿಹಾಸ ಒಬ್ಬರದು, ಹೆಣ್ಣು-ಗಂಡಿನ ಇತಿಹಾಸ ಇನ್ನೊಬ್ಬರದು, ಗಡಿನಾಡಿನ ಇತಿಹಾಸ ಮತ್ತೊಬ್ಬರದು. ಓದುವ ಪಟ್ಟಿಗಳೂ ಬೇರೆ, ಸೆಮಿನಾರುಗಳೂ ಬೇರೆ. ವಿದ್ಯಾರ್ಥಿ ಒಂದು ಮನೆ ಸೇರಿಕೊಳ್ಳಬೇಕು. ಆದರೆ ಇಂಪೀರಿಯಲ್ ಕಣಿವೆಯ ಒಂದು ಗುತ್ತಿಗೆ ಪತ್ರ ಅರ್ಥವಾಗಬೇಕಾದರೆ ಮದುವೆ ಕಾನೂನು ಗೊತ್ತಿರಬೇಕು. ಮದುವೆ ಕಾನೂನು ಅರ್ಥವಾಗಬೇಕಾದರೆ ವಲಸೆ ಕಾನೂನು ಗೊತ್ತಿರಬೇಕು. ಅಲ್ಲಿ ಯಾವ ಕಾಗದವೂ ಒಂದೇ ಮನೆಗೆ ಸೇರಿದ್ದಲ್ಲ.

ಮೊದಲು ಜಾಗದ ಬಗ್ಗೆ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಆಗ್ನೇಯ ಮೂಲೆ, ಮೆಕ್ಸಿಕೋ ಗಡಿಗೆ ಅಂಟಿಕೊಂಡ ಬಯಲು. ಬಹುಪಾಲು ಸಮುದ್ರಮಟ್ಟಕ್ಕಿಂತ ಕೆಳಗಿದೆ. ಬೇಸಿಗೆಯಲ್ಲಿ 45 ಡಿಗ್ರಿ ಸೆಲ್ಸಿಯಸ್ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಮಳೆ ಇಲ್ಲವೇ ಇಲ್ಲ ಅನ್ನಬಹುದು. ಮರುಭೂಮಿ ಅಂದರೆ ಯಾರು ಕೊಳ್ಳುತ್ತಾರೆ ಅಂತ ಜಮೀನು ಕಂಪನಿಯವರು ಇಂಪೀರಿಯಲ್ ಕಣಿವೆ ಎಂದು ಹೆಸರಿಟ್ಟರು. 1901ರಲ್ಲಿ ಕೊಲೊರಾಡೊ ನದಿಯ ನೀರು ಕಾಲುವೆಯಲ್ಲಿ ಬಂತು. ಆ ಕಾಲುವೆ ಗಡಿ ದಾಟಿ ಮೆಕ್ಸಿಕೋದೊಳಗೆ ಹರಿದು, ಮತ್ತೆ ತಿರುಗಿ ಅಮೆರಿಕಕ್ಕೆ ಬರುತ್ತಿತ್ತು. 1905ರಲ್ಲಿ ನದಿ ಕಾಲುವೆ ಒಡೆದುಕೊಂಡು ನುಗ್ಗಿತು. ಅದನ್ನು ಮುಚ್ಚಲು 1907ರ ತನಕ ಹೆಣಗಬೇಕಾಯಿತು. ಅಷ್ಟರಲ್ಲಿ ತಗ್ಗಿನಲ್ಲಿ ಒಂದು ಸರೋವರವೇ ನಿಂತಿತ್ತು. ಇವತ್ತಿಗೂ ಇರುವ ಸಾಲ್ಟನ್ ಸೀ ಅದೇ. ಪೂರ್ತಿ ಅಮೆರಿಕದ ನೆಲದಲ್ಲೇ ಹರಿಯುವ ಆಲ್-ಅಮೆರಿಕನ್ ಕಾಲುವೆಯಲ್ಲಿ ನೀರು ಬಂದಿದ್ದು 1940ರಲ್ಲಿ. ಅಲ್ಲಿಯವರೆಗೂ ಆ ಕಣಿವೆಯ ಒಂದೊಂದು ಲೆಟಸ್ ಎಲೆಯೂ ಮೆಕ್ಸಿಕೋ ಸುತ್ತಿ ಬಂದ ನೀರು ಕುಡಿದೇ ಬೆಳೆದದ್ದು.

ಗಡಿಯಲ್ಲಿ ಎರಡು ಅವಳಿ ಊರು. ಈ ಕಡೆ ಕ್ಯಾಲೆಕ್ಸಿಕೋ, ಆ ಕಡೆ ಮೆಕ್ಸಿಕಾಲಿ. ಕ್ಯಾಲಿಫೋರ್ನಿಯಾ, ಮೆಕ್ಸಿಕೋ ಎರಡನ್ನೂ ಅದಲುಬದಲು ಮಾಡಿ ಹೊಲಿದ ಹೆಸರುಗಳು. ಆ ಕಡೆಯ ಭೂಮಿಯ ದೊಡ್ಡ ಭಾಗ ಲಾಸ್ ಏಂಜಲೀಸಿನ ಪತ್ರಿಕೆ ಮಾಲೀಕ ಹ್ಯಾರಿ ಚಾಂಡ್ಲರ್ ಮತ್ತವನ ಪಾಲುದಾರರ ಕಂಪನಿಯದು. 1937ರಲ್ಲಿ ಮೆಕ್ಸಿಕೋದ ಭೂಹೀನರು ಅದಕ್ಕೆ ನುಗ್ಗಿ ಸ್ವಾಧೀನ ಮಾಡಿಕೊಂಡರು, ಅಲ್ಲಿನ ಅಧ್ಯಕ್ಷ ಕಾರ್ಡೆನಾಸ್ ಸರ್ಕಾರ ಅದನ್ನು ಹಂಚಿತು. ಅದು ಬೇರೆಯದೇ ದೊಡ್ಡ ಕಥೆ, ಇಲ್ಲಿ ಬೇಡ.

ಇಂಥ ಜಾಗಕ್ಕೆ 1910ರ ಆಸುಪಾಸಿನಿಂದ ಪಂಜಾಬಿಗಳು ಬರತೊಡಗಿದರು. ಜಲಂಧರ್, ಹೋಶಿಯಾರ್‌ಪುರ, ಲುಧಿಯಾನ ಕಡೆಯವರು. ಹೆಚ್ಚಿನವರು ಸಿಖ್ಖರು, ಕೆಲವರು ಮುಸ್ಲಿಮರು, ಬೆರಳೆಣಿಕೆಯಷ್ಟು ಹಿಂದೂಗಳು. ಅಮೆರಿಕನ್ನರ ಪಾಲಿಗೆ ಎಲ್ಲರೂ "ಹಿಂದೂ"ಗಳೇ. ಇವರಲ್ಲಿ ಬಹಳ ಜನ ಮೊದಲು ಉತ್ತರದ ಮರದ ಮಿಲ್ಲುಗಳಲ್ಲಿ, ರೈಲು ಹಳಿಗಳ ಮೇಲೆ ದುಡಿದವರು. 1907ರಲ್ಲಿ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್ ಊರಿನಲ್ಲಿ ಬಿಳಿಯರು ದೊಂಬಿ ಎದ್ದು ಇವರನ್ನು ಹೊಡೆದೋಡಿಸಿದ್ದರು. ಕಣಿವೆಯಲ್ಲಿ ಅವರಿಗೆ ಗೊತ್ತಿದ್ದ ಕೆಲಸ ಸಿಕ್ಕಿತು: ಕಾಲುವೆ ನೀರಿನ ಬೇಸಾಯ. ಇಬ್ಬರು, ಮೂವರು, ನಾಲ್ವರು ಸೇರಿ ಪಾಲುದಾರಿಕೆ ಮಾಡಿ ಜಮೀನು ಗುತ್ತಿಗೆಗೆ ಹಿಡಿಯುತ್ತಿದ್ದರು. ಹತ್ತಿ, ಕರ್ಬೂಜ, ಲೆಟಸ್, ಕುದುರೆ ಮೆಂತ್ಯ. ಒಂದೇ ಮನೆಯಲ್ಲಿ ವಾಸ, ಒಂದೇ ಒಲೆ.

ಅದೇ ಕಾಲಕ್ಕೆ ಮೆಕ್ಸಿಕೋದಲ್ಲಿ ಕ್ರಾಂತಿ. 1910ರಿಂದ ಹತ್ತು ವರ್ಷ ದೇಶ ಹೊತ್ತಿ ಉರಿಯಿತು. ಸಂಸಾರಗಳು, ಗಂಡು ದಿಕ್ಕಿಲ್ಲದ ತಾಯಂದಿರು, ಅಕ್ಕತಂಗಿಯರು ಗುಂಪಾಗಿ ಉತ್ತರಕ್ಕೆ ಬಂದರು. ಹತ್ತಿ ಬಿಡಿಸಲು ಕೈ ಬೇಕಿತ್ತು. ಹೆಂಗಸರ ಕೈ, ಮಕ್ಕಳ ಕೈ ಎರಡೂ ನಡೆಯುತ್ತಿತ್ತು. ಆಗ ಗಡಿ ಅಂದರೆ ಇವತ್ತಿನ ಗೋಡೆಯಲ್ಲ. ಗಡಿ ಕಾಯುವ ಬಾರ್ಡರ್ ಪಟ್ರೋಲ್ ಪಡೆ ಹುಟ್ಟಿದ್ದೇ 1924ರಲ್ಲಿ. ಹಾಗಂತ ಅದು ಸಲೀಸಾದ ಗಡಿಯೂ ಆಗಿರಲಿಲ್ಲ. ಟೆಕ್ಸಾಸಿನ ಗಡಿಯ ಎಲ್ ಪಾಸೊ ಊರಿನ ಸೇತುವೆಯಲ್ಲಿ ದಿನಾ ದಾಟಿ ಬರುವ ಮನೆಗೆಲಸದ ಹೆಂಗಸರನ್ನು ಬಟ್ಟೆ ಬಿಚ್ಚಿಸಿ ಸೀಮೆಎಣ್ಣೆ ಬೆರೆಸಿದ ನೀರಿನಲ್ಲಿ ಮೀಯಿಸುತ್ತಿದ್ದರು, ಹೇನಿನಿಂದ ರೋಗ ಬರುತ್ತದೆ ಅಂತ. 1917ರ ಜನವರಿಯಲ್ಲಿ ಕಾರ್ಮೆಲಿತಾ ಟೊರೆಸ್ ಎಂಬ 17ರ ಹುಡುಗಿ ನಾನು ಇಳಿಯುವುದಿಲ್ಲ ಅಂತ ಟ್ರಾಮಿನಲ್ಲೇ ಹಟ ಹಿಡಿದಳು. ಅಲ್ಲಿಂದ ದೊಡ್ಡ ಗಲಾಟೆಯೇ ಆಯಿತು. ಗಡಿ ಗಂಡಸಿಗೆ ಒಂದು ಥರ, ಹೆಂಗಸಿಗೆ ಒಂದು ಥರ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಈಗ ಕಾನೂನಿನ ತಾರೀಖುಗಳು. ಇವು ಒಣ ವಿಷಯ, ಆದರೆ ಎಲ್ಲ ಗಂಟು ಇರುವುದು ಇಲ್ಲೇ.

1913ರಲ್ಲಿ ಕ್ಯಾಲಿಫೋರ್ನಿಯಾ ಒಂದು ಭೂ ಕಾನೂನು ತಂದಿತು. ಪೌರತ್ವ ಪಡೆಯಲು ಅರ್ಹತೆ ಇಲ್ಲದ ವಿದೇಶಿಯರು ಸಾಗುವಳಿ ಜಮೀನು ಕೊಳ್ಳುವಂತಿಲ್ಲ, ಗುತ್ತಿಗೆ ಮೂರು ವರ್ಷ ಮೀರುವಂತಿಲ್ಲ. ಜಪಾನಿ ರೈತರನ್ನು ಗುರಿಯಿಟ್ಟು ಮಾಡಿದ ಕಾನೂನು. 1920ರಲ್ಲಿ ಜನಮತದ ಮೂಲಕ ಅದನ್ನು ಬಿಗಿ ಮಾಡಿ ಗುತ್ತಿಗೆಯನ್ನೂ ಕಿತ್ತುಕೊಂಡರು. ಆದರೆ ಭಾರತೀಯರು ಈ "ಅರ್ಹತೆ ಇಲ್ಲದವರ" ಪಟ್ಟಿಯಲ್ಲಿ ಇದ್ದಾರೋ ಇಲ್ಲವೋ ಎಂಬುದು ಆಗಿನ್ನೂ ತೀರ್ಮಾನವಾಗಿರಲಿಲ್ಲ. ಕೆಲವು ನ್ಯಾಯಾಲಯಗಳು ಭಾರತೀಯರಿಗೆ ಪೌರತ್ವ ಕೊಟ್ಟಿದ್ದವು. 1923ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು: ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಸಿಖ್ಖ. ಅವನ ಸಮವಸ್ತ್ರ ಅವನನ್ನು ಕಾಪಾಡಲಿಲ್ಲ. ಅಂದಿನಿಂದ ಭೂ ಕಾನೂನು ಪಂಜಾಬಿಗಳ ತಲೆಯ ಮೇಲೂ ಬಿತ್ತು.

ಮದುವೆಗಳು ಶುರುವಾಗಿದ್ದು ಯಾವಾಗ? 1916-17ರ ಹೊತ್ತಿಗೆ ಇಂಪೀರಿಯಲ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಮದುವೆ ದಾಖಲೆಗಳಲ್ಲಿ ಪಂಜಾಬಿ ಗಂಡು, ಮೆಕ್ಸಿಕನ್ ಹೆಣ್ಣು ಜೊತೆಯಾಗಿ ಕಾಣಿಸತೊಡಗುತ್ತಾರೆ. ಅಂದರೆ ಥಿಂಡ್ ತೀರ್ಪಿಗೆ ಆರೇಳು ವರ್ಷ ಮೊದಲು. ಜಮೀನು ಗುತ್ತಿಗೆಗೆ ಆರಾಮಾಗಿ ಸಿಗುತ್ತಿದ್ದ ಕಾಲದಲ್ಲಿ. ಬರಲಿರುವ ಕಾನೂನಿಗಾಗಿ ಯಾರೂ ಮುಂಗಡವಾಗಿ ಮದುವೆಯಾಗುವುದಿಲ್ಲವಲ್ಲ.

ಇದು ಅರ್ಧ ಮಾತ್ರ. ಇನ್ನರ್ಧ ಇನ್ನೂ ವಿಚಿತ್ರ. ಹೆಂಡತಿಯ ಹೆಸರಿನಲ್ಲಿ ಜಮೀನು ಮಾಡಬೇಕಾದರೆ ಹೆಂಡತಿಗಾದರೂ ಹಕ್ಕು ಇರಬೇಕು. ಇತ್ತೇ? 1907ರ ಕಾನೂನಿನ ಪ್ರಕಾರ ಅಮೆರಿಕದ ಹೆಣ್ಣು ವಿದೇಶಿಯನ್ನು ಮದುವೆಯಾದರೆ ಅವಳ ಪೌರತ್ವ ಹೋಯಿತು, ಗಂಡನ ದೇಶವೇ ಅವಳ ದೇಶ. 1922ರ ಸೆಪ್ಟೆಂಬರಿನ ಕೇಬಲ್ ಕಾಯ್ದೆ ಇದನ್ನು ಸಡಿಲಿಸಿತು. ಹೆಣ್ಣುಮಕ್ಕಳ ದೊಡ್ಡ ಗೆಲುವು ಅಂತ ಅದನ್ನು ಹೊಗಳುವವರಿದ್ದಾರೆ. ಆದರೆ ಅದರೊಳಗೆ ಒಂದು ಮುಳ್ಳು: ಗಂಡ ಪೌರತ್ವಕ್ಕೆ ಅರ್ಹನಲ್ಲದ ವಿದೇಶಿಯಾದರೆ ಹೆಂಡತಿಯ ಪೌರತ್ವ ಹೋಗುತ್ತದೆ. ಅಷ್ಟೇ ಅಲ್ಲ, ಅಂಥ ಗಂಡನಿರುವ ವಿದೇಶಿ ಹೆಣ್ಣು, ಮದುವೆ ಮುರಿಯದೆ ಪೌರತ್ವ ಪಡೆಯುವಂತೆಯೂ ಇಲ್ಲ. ಐದು ತಿಂಗಳಲ್ಲೇ ಥಿಂಡ್ ತೀರ್ಪು ಬಂದು ಪಂಜಾಬಿಗಳು ಅದೇ ಪಟ್ಟಿಗೆ ಸೇರಿದರು.

ಮೆಕ್ಸಿಕನ್ನರು ಆ ದಿನಗಳಲ್ಲಿ ಕಾನೂನಿನ ಲೆಕ್ಕಕ್ಕೆ ಪೌರತ್ವಕ್ಕೆ ಅರ್ಹರೇ. ಅಮೆರಿಕ-ಮೆಕ್ಸಿಕೋ ಯುದ್ಧ ಮುಗಿಸಿದ 1848ರ ಒಪ್ಪಂದದ ಬಲದ ಮೇಲೆ, 1897ರಲ್ಲಿ ಟೆಕ್ಸಾಸಿನ ಒಂದು ಫೆಡರಲ್ ನ್ಯಾಯಾಲಯ ಹಾಗಂತ ಹೇಳಿತ್ತು. ಅಂದರೆ ಮದುವೆಗೆ ಮುಂಚೆ ಆ ಹೆಣ್ಣುಮಗಳಿಗೆ ಜಮೀನಿನ ಬಾಗಿಲು ತೆರೆದಿತ್ತು. ಪಂಜಾಬಿಯ ಕೈ ಹಿಡಿದ ಕೂಡಲೇ ಮುಚ್ಚಿತು. ಜಮೀನಿಗಾಗಿ ಅವಳನ್ನು ಮದುವೆಯಾದ ಅನ್ನುವವರು ಇದನ್ನು ಯೋಚಿಸಬೇಕು. ಮದುವೆಯಿಂದ ಅವನಿಗೆ ಜಮೀನು ಸಿಗಲಿಲ್ಲ. ಅವಳದ್ದೂ ಹೋಗುವ ಹಾಗಾಯಿತು. ಕೇಬಲ್ ಕಾಯ್ದೆಯ ಆ ಮುಳ್ಳನ್ನು ಕಿತ್ತದ್ದು 1931ರಲ್ಲಿ.

ಈ ವಾದವನ್ನು ಮೊದಲು ಗಟ್ಟಿಯಾಗಿ ಮುಂದಿಟ್ಟವರು ಮಾನವಶಾಸ್ತ್ರಜ್ಞೆ ಕ್ಯಾರೆನ್ ಲಿಯೊನಾರ್ಡ್. ಅವರು ಅದಕ್ಕೆ ಮುಂಚೆ ಹೈದರಾಬಾದಿನ ಕಾಯಸ್ಥರ ಬಗ್ಗೆ ಕೆಲಸ ಮಾಡಿದವರು. ಕೌಂಟಿ ಕಚೇರಿಗಳ ಜನನ, ಮದುವೆ, ಮರಣ ದಾಖಲೆಗಳನ್ನು ಒಂದೊಂದಾಗಿ ಹೆಕ್ಕಿ, ಮಕ್ಕಳು ಮೊಮ್ಮಕ್ಕಳನ್ನು ಮಾತಾಡಿಸಿ, ಕ್ಯಾಲಿಫೋರ್ನಿಯಾದಲ್ಲಿ ಆ ಕಾಲದ ಭಾರತೀಯ ಗಂಡಸರ ಸುಮಾರು 380 ಮದುವೆಗಳನ್ನು ಪಟ್ಟಿ ಮಾಡಿದರು. ಐದರಲ್ಲಿ ನಾಲ್ಕರಷ್ಟು ಹೆಂಡತಿಯರು ಸ್ಪ್ಯಾನಿಶ್ ಮಾತಾಡುವವರು. ಅವರ ಪುಸ್ತಕ 1992ರಲ್ಲಿ ಬಂದಿದೆ. ಆದರೂ ಹಳೇ ಕಥೆ ಸಾಯುವುದಿಲ್ಲ. ನನಗನ್ನಿಸುವುದು, ಆ ಕಥೆಯಲ್ಲಿ ಹೆಂಗಸು ಒಂದು ಉಪಾಯ ಮಾತ್ರ. ಹಾಗಿದ್ದರೆ ಅವಳ ಬಗ್ಗೆ ಮುಂದೆ ಏನೂ ಕೇಳಬೇಕಾಗಿಲ್ಲ. ಅದಕ್ಕೇ ಕಥೆ ಹೇಳುವವರಿಗೆ ಅದು ಅನುಕೂಲ.

ಹಾಗಾದರೆ ಯಾಕೆ ಮದುವೆಯಾದರು? ಉತ್ತರ ಸರಳ, ಸ್ವಲ್ಪ ಪೆಚ್ಚಾಗುವಷ್ಟು ಸರಳ. 1917ರ ವಲಸೆ ಕಾನೂನು ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕಿತು. ಊರಿಗೆ ಹೋದರೆ ವಾಪಸು ಬರಲಾಗದು, ಊರಿನಿಂದ ಹೆಂಡತಿಯನ್ನು ಕರೆಸಲೂ ಆಗದು. ವಯಸ್ಸು ಮೂವತ್ತು ನಲವತ್ತು ದಾಟುತ್ತಿತ್ತು. ಮನೆಯಲ್ಲಿ ನಾಲ್ಕು ಗಂಡಸರು ರೊಟ್ಟಿ ಬೇಯಿಸಿಕೊಂಡು ಕೂತಿದ್ದರು. ಅದೇ ಹೊಲದಲ್ಲಿ ಹತ್ತಿ ಬಿಡಿಸುವ ಸಂಸಾರದಲ್ಲಿ ಮದುವೆ ವಯಸ್ಸಿನ ಹುಡುಗಿಯರಿದ್ದರು. ಅವರಿಗೂ ದಿನಗೂಲಿಯ ಅಲೆದಾಟ ಸಾಕಾಗಿತ್ತು. ಕೂಲಿಗೆ ಬಂದವಳಿಗೆ ಗುತ್ತಿಗೆದಾರ ರೈತ ಗಂಡನಾಗಿ ಸಿಕ್ಕರೆ ಒಂದು ಮೆಟ್ಟಿಲು ಮೇಲೆ. ಒಬ್ಬಳು ಮದುವೆಯಾದರೆ ಅವಳ ತಂಗಿಗೆ ಗಂಡನ ಪಾಲುದಾರನ ಜೊತೆ ಮಾತು ನಡೆಯುತ್ತಿತ್ತು. ಹೀಗೆ ಅಕ್ಕತಂಗಿಯರು ಒಂದೇ ಪಾಲುದಾರಿಕೆಯ ಗಂಡಸರನ್ನು ಮದುವೆಯಾದ ಮನೆಗಳು ಸಾಕಷ್ಟಿವೆ. ಅಂದರೆ ಗಂಡಸರ ವ್ಯವಹಾರದ ಕೂಟದ ಒಳಗೇ ಹೆಂಗಸರ ತವರಿನ ಕೂಟವೊಂದು ಬೆಳೆಯಿತು. ಗುತ್ತಿಗೆ ಪತ್ರದಲ್ಲಿ ಗಂಡಸರ ಹೆಸರು ಮಾತ್ರ ಇರುತ್ತದೆ. ಆದರೆ ಆ ಪಾಲುದಾರಿಕೆ ಯಾಕೆ ಮುರಿಯಿತು, ಯಾಕೆ ಉಳಿಯಿತು ಎಂದು ತಿಳಿಯಬೇಕಾದರೆ ಯಾರ ಹೆಂಡತಿ ಯಾರ ತಂಗಿ ಎಂದು ನೋಡಬೇಕು. ಕೃಷಿ ಇತಿಹಾಸದವರು ಸಾಮಾನ್ಯವಾಗಿ ಇಳುವರಿ, ಬೆಲೆ, ಸಾಲ ನೋಡುತ್ತಾರೆ. ಇಲ್ಲಿ ಅಡುಗೆಮನೆಯನ್ನೂ ನೋಡದೆ ವಿಧಿಯಿಲ್ಲ.

ಮದುವೆ ಲೈಸೆನ್ಸು ಪಡೆಯುವುದೂ ಒಂದು ಪ್ರಸಂಗವೇ. ಬಿಳಿಯರು ಕರಿಯರನ್ನೋ "ಮಂಗೋಲಿಯನ್ನ"ರನ್ನೋ ಮದುವೆಯಾಗಬಾರದು ಅಂತ ಕ್ಯಾಲಿಫೋರ್ನಿಯಾದಲ್ಲಿ ಕಾನೂನಿತ್ತು. 1933ರಲ್ಲಿ ಫಿಲಿಪಿನೊಗಳನ್ನು ತಡೆಯಲು "ಮಲಯ" ಅಂತ ಸೇರಿಸಿದರು. ಈ ಕಾನೂನು ಬಿದ್ದದ್ದು 1948ರಲ್ಲಿ, ಪೆರೆಜ್ ಪ್ರಕರಣದಲ್ಲಿ. ಪಂಜಾಬಿಗಳ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಎಲ್ಲ ಗುಮಾಸ್ತನ ಕಣ್ಣಿಗೆ ಬಿಟ್ಟದ್ದು. ಗಂಡು ಹೆಣ್ಣು ಇಬ್ಬರ ಮೈಬಣ್ಣವೂ ಅವನಿಗೆ ಒಂದೇ ಥರ ಕಂಡರೆ ಲೈಸೆನ್ಸು ಸಿಕ್ಕಿತು. ಹೆಣ್ಣು ಜಾಸ್ತಿ ಬೆಳ್ಳಗೆ ಕಂಡರೆ ತಕರಾರು. ಆಗ ಜೋಡಿಗಳು ಅರಿಜೋನಾಕ್ಕೋ ನ್ಯೂ ಮೆಕ್ಸಿಕೋಕ್ಕೋ ಹೋಗಿ ಮದುವೆಯಾದದ್ದುಂಟು. ಆದ್ದರಿಂದ ವಿದ್ಯಾರ್ಥಿ ಇಂಪೀರಿಯಲ್ ಕೌಂಟಿಯ ಪುಸ್ತಕ ಮಾತ್ರ ನೋಡಿ ಲೆಕ್ಕ ಹಾಕಿದರೆ ಕೆಲವು ಮದುವೆಗಳು ಕಣ್ಣು ತಪ್ಪುತ್ತವೆ.

ಇನ್ನು ಜನಗಣತಿ. 1930ರ ಹಾಳೆಗಳನ್ನು ಪರದೆಯ ಮೇಲೆ ನೋಡುತ್ತಾ ನಾನು ಕಳೆದ ಸಂಜೆಗಳು ಬಹಳ. ಆ ವರ್ಷ ಜನಾಂಗದ ಕಾಲಮ್ಮಿನಲ್ಲಿ "ಮೆಕ್ಸ್" ಅಂತ ಹೊಸದಾಗಿ ಸೇರಿಸಿದ್ದರು. ಭಾರತೀಯರಿಗೆ "ಹಿನ್". ಗಂಡ ಹಿನ್, ಹೆಂಡತಿ ಮೆಕ್ಸ್, ಮಕ್ಕಳು? ಗಣತಿದಾರರಿಗೆ ಕೊಟ್ಟ ಸೂಚನೆಯಲ್ಲಿ ಇದಕ್ಕೂ ನಿಯಮವಿತ್ತು: ಬಿಳಿಯರಲ್ಲದ ಎರಡು ಜನಾಂಗ ಬೆರೆತರೆ ತಂದೆಯದ್ದೇ ಮಗುವಿಗೆ. ಮನೆಯಲ್ಲಿ ಸ್ಪ್ಯಾನಿಶ್ ಮಾತಾಡಿಕೊಂಡು, ಭಾನುವಾರ ಚರ್ಚಿಗೆ ಹೋಗುವ ಮಕ್ಕಳು ಕಾಗದದ ಮೇಲೆ "ಹಿಂದೂ" ಆದದ್ದು ಹೀಗೆ. ಹತ್ತು ವರ್ಷ ಕಳೆದು 1940ರ ಗಣತಿಗೆ ಬಂದರೆ "ಮೆಕ್ಸ್" ಮಾಯ. ಮೆಕ್ಸಿಕೋ ಸರ್ಕಾರವೂ ಮೆಕ್ಸಿಕನ್ ಅಮೆರಿಕನ್ನರೂ ವಿರೋಧಿಸಿದ್ದರಿಂದ ಅವರನ್ನು ಬಿಳಿಯರೆಂದು ಬರೆಯಬೇಕಾಯಿತು. ಅದೇ ಹೆಂಗಸು, ಅದೇ ಮನೆ, ಅದೇ ಗಂಡ. ಈಗ ಅವಳು ಬಿಳಿ.

ಅದೇ 1930ರ ಹಾಳೆಯಲ್ಲಿ ಇನ್ನೊಂದು ಚಿಕ್ಕ ಗುರುತಿದೆ. ಹೆಂಡತಿ ಎಂದು ಬರೆದು ಪಕ್ಕದಲ್ಲಿ ಇಂಗ್ಲಿಷಿನ ಎಚ್ ಅಕ್ಷರ. ಮನೆ ನೋಡಿಕೊಳ್ಳುವವಳು ಎಂದರ್ಥ. ಅವಳ ಉದ್ಯೋಗದ ಕಾಲಮ್ಮಿನಲ್ಲಿ "ಇಲ್ಲ". ಹೊಲದಲ್ಲಿ ದಿನದ ಬಹುಹೊತ್ತು, ನಿಯಮಿತವಾಗಿ ದುಡಿಯುವ ಹೆಂಗಸನ್ನು ಮಾತ್ರ ಕೃಷಿ ಕೆಲಸದವಳು ಎಂದು ಬರೆಯಬೇಕು, ಆಗಾಗ ದುಡಿಯುವವಳನ್ನು ಬರೆಯಬಾರದು ಅಂತ ಸೂಚನೆ. ಬೆಳಿಗ್ಗೆ ಗಂಡನಿಗೂ ಅವನ ಪಾಲುದಾರರಿಗೂ ಕೂಲಿಯವರಿಗೂ ಅಡುಗೆ ಮಾಡಿ, ಬಟ್ಟೆ ಒಗೆದು, ಕೊಯ್ಲು ಬಂದಾಗ ಮಕ್ಕಳೊಂದಿಗೆ ಹೊಲಕ್ಕಿಳಿಯುವವಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ನಮ್ಮ ಪಹಣಿಯಲ್ಲಿ ಸಾಗುವಳಿದಾರರ ಕಾಲಮ್ಮು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಳೆ ಕೀಳುವವರ ಹೆಸರು ಅದರಲ್ಲಿ ಹುಡುಕಿ ನೋಡಿ.

ಹಾಗಾದರೆ ಈ ಹೆಂಗಸರು ಮಾತಾಡುವ ಕಾಗದ ಯಾವುದೂ ಇಲ್ಲವೇ? ಇದೆ. ನ್ಯಾಯಾಲಯದಲ್ಲಿ. ವಿಚ್ಛೇದನದ ಅರ್ಜಿಗಳು. ಈ ಮದುವೆಗಳು ಮುರಿಯುತ್ತಿದ್ದದ್ದು ಕಡಿಮೆಯೇನಲ್ಲ, ಮುರಿಯಲು ಹೆಂಗಸರೂ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದರು. ಅವಳ ದೂರು ಏನು? ಗಂಡನ ಪಾಲುದಾರರಿಗೆಲ್ಲ ನಾನು ಬೇಯಿಸಿ ಹಾಕಬೇಕು, ಹೊಡೆಯುತ್ತಾನೆ, ದುಡ್ಡು ಕೊಡುವುದಿಲ್ಲ. ಅವನ ದೂರು ಏನು? ಪೇಟೆಗೆ ಹೋಗುತ್ತಾಳೆ, ಡ್ಯಾನ್ಸಿಗೆ ಹೋಗುತ್ತಾಳೆ, ನನ್ನ ಸ್ನೇಹಿತರು ಬಂದರೆ ಅಡುಗೆ ಮಾಡುವುದಿಲ್ಲ. ಅರ್ಜಿ ಬರೆದವನು ವಕೀಲ, ಅವನಿಗೆ ಬೇಕಾದ ಪದಗಳೇ ಅದರಲ್ಲಿರುತ್ತವೆ, ಅದನ್ನು ಕಣ್ಣುಮುಚ್ಚಿ ನಂಬಬಾರದು. ಆದರೂ ಜಗಳದ ವಿಷಯ ಗಮನಿಸಿ. ಎರಡೂ ಕಡೆಯಿಂದ ಅದು ಅದೇ ಒಲೆಯ ಸುತ್ತ ತಿರುಗುತ್ತದೆ. ಪಂಜಾಬಿ ಗಂಡಸಿಗೆ ಪಾಲುದಾರ ಅಂದರೆ ಅಣ್ಣತಮ್ಮ, ಮನೆಗೆ ಸೇರಿದವನು. ಅವಳಿಗೆ ಅವನು ಪುಕ್ಕಟೆ ಊಟದ ಬಾಡಿಗೆದಾರ. ಆ ಪಾಲುದಾರಿಕೆ ಇಲ್ಲದೆ ಗುತ್ತಿಗೆ ಹಿಡಿಯಲು ಬಂಡವಾಳ ಹುಟ್ಟುತ್ತಿರಲಿಲ್ಲ. ಅವಳ ಅಡುಗೆ ಇಲ್ಲದೆ ಪಾಲುದಾರಿಕೆ ನಡೆಯುತ್ತಿರಲಿಲ್ಲ. ಕಣಿವೆಯ ಬೇಸಾಯದ ಲೆಕ್ಕದಲ್ಲಿ ಎಲ್ಲೂ ಬರೆಯದ ಒಂದು ಖರ್ಚು ಈ ಅರ್ಜಿಗಳಲ್ಲಿ ಬಯಲಾಗುತ್ತದೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಬೆಲೆಬಾಳುವ ಕಾಗದ ಇವೇ ಅನ್ನಿಸಿದೆ.

ಕಾನೂನು ಗಂಡಸರನ್ನೂ ಎಂಥ ಮೂಲೆಗೆ ಒತ್ತಿತ್ತು ಎಂದು ಹೇಳದಿದ್ದರೆ ನ್ಯಾಯವಾಗುವುದಿಲ್ಲ. 1923ರ ನಂತರ ಅವರು ಬಿಳಿ ಜಮೀನ್ದಾರರ, ಬ್ಯಾಂಕಿನವರ, ವಕೀಲರ ಹೆಸರಿನಲ್ಲಿ ಬಾಯಿಮಾತಿನ ಮೇಲೆ ಬೇಸಾಯ ಮಾಡಬೇಕಾಯಿತು. ಕಾಗದದ ಮೇಲೆ ಅವನು ಕೂಲಿ, ಹೊಲದಲ್ಲಿ ರೈತ. ಮೋಸವಾದರೆ ಕೋರ್ಟಿಗೆ ಹೋಗುವಂತಿಲ್ಲ, ಹೋದರೆ ತಾನೇ ಕಾನೂನು ಮುರಿದದ್ದು ಒಪ್ಪಿಕೊಂಡಂತೆ. 1925ರಲ್ಲಿ ಪಾಖರ್ ಸಿಂಗ್ ಎಂಬ ಲೆಟಸ್ ಬೆಳೆಗಾರ ತನ್ನ ಬೆಳೆಯ ಹಣ ಸಿಗದೆ ಇಬ್ಬರು ಬಿಳಿ ವರ್ತಕರನ್ನು ಕೊಂದು ಜೈಲಿಗೆ ಹೋದ. ಲೆಟಸ್ ಕೊಯ್ದ ಮೇಲೆ ಕಾಯುವುದಿಲ್ಲ, ಐಸು ತುಂಬಿದ ರೈಲು ಡಬ್ಬಿ ಹತ್ತಲೇಬೇಕು. ಸಾಗಿಸುವವನ ಕೈಯಲ್ಲೇ ಎಲ್ಲ.

ಪೌರತ್ವ ಪಡೆದಿದ್ದವರನ್ನೂ ಸರ್ಕಾರ ಬಿಡಲಿಲ್ಲ, ವಾಪಸು ಕಿತ್ತುಕೊಳ್ಳಲು ಕೇಸು ಹಾಕಿತು. ಸಖಾರಾಮ್ ಗಣೇಶ್ ಪಂಡಿತ್ ಎಂಬ ಲಾಸ್ ಏಂಜಲೀಸಿನ ವಕೀಲ ತನ್ನ ಕೇಸು ತಾನೇ ನಡೆಸಿದ. ನನ್ನ ಪೌರತ್ವ ಹೋದರೆ ವಕೀಲಿಕೆ ಹೋಗುತ್ತದೆ, ಅಮೆರಿಕದಲ್ಲೇ ಹುಟ್ಟಿದ ನನ್ನ ಹೆಂಡತಿಯ ಪೌರತ್ವವೂ ಹೋಗುತ್ತದೆ ಎಂದು ವಾದಿಸಿ 1927ರ ಹೊತ್ತಿಗೆ ಪೂರ್ತಿ ಗೆದ್ದ. ಹೆಂಡತಿಯ ನಷ್ಟ ಇಲ್ಲಿ ಗಂಡನ ವಾದಕ್ಕೆ ಬಲ ತಂದಿತು. ಅವನ ಹೆಂಡತಿ ಬಿಳಿಯಳು ಅನ್ನುವುದನ್ನೂ ಮರೆಯಬಾರದು. ಮೆಕ್ಸಿಕನ್ ಹೆಂಡತಿಯ ನಷ್ಟಕ್ಕೆ ನ್ಯಾಯಾಧೀಶರು ಅಷ್ಟು ಮರುಗುತ್ತಿದ್ದರೇ?

ಜಮೀನಿಗೆ ನಿಜವಾಗಿ ನೆರವಾದವರು ಮಕ್ಕಳು. ಅಮೆರಿಕದ ನೆಲದಲ್ಲಿ ಹುಟ್ಟಿದ ಮಗು ಅಮೆರಿಕದ ಪ್ರಜೆ, ಇದನ್ನು ಸುಪ್ರೀಂ ಕೋರ್ಟು 1898ರಲ್ಲೇ ಸಾರಿತ್ತು. ಮಗುವಿನ ಹೆಸರಿನಲ್ಲಿ ಜಮೀನು ಕೊಂಡು ತಂದೆ ಗಾರ್ಡಿಯನ್ ಆಗಬಹುದಿತ್ತು. 1920ರ ಕಾನೂನು ಅದನ್ನೂ ತಡೆಯಲು ನೋಡಿತು. 1922ರಲ್ಲಿ ಯಾನೊ ಎಂಬ ಜಪಾನಿ ತಂದೆಯ ಕೇಸಿನಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಆ ತಡೆಯನ್ನು ಹೊಡೆದುಹಾಕಿತು. ಪಂಜಾಬಿಗಳು ಈ ದಾರಿಯನ್ನು ಜೋರಾಗಿ ಹಿಡಿದದ್ದು ತಡವಾಗಿ, ಮೂವತ್ತರ ದಶಕದಲ್ಲಿ, ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ. ಅಂದರೆ ಹಳೇ ಕಥೆಯಲ್ಲಿ ಒಂದು ಕಾಳು ಸತ್ಯ ಇದೆ, ಆದರೆ ಅದು ಮದುವೆಯ ಕಾರಣ ಅಲ್ಲ, ಮದುವೆಯಾಗಿ ಎಷ್ಟೋ ವರ್ಷದ ಮೇಲಿನ ಫಲ. ಇತಿಹಾಸದ ವಿದ್ಯಾರ್ಥಿಗೆ ಇವೆರಡನ್ನೂ ಬೇರೆ ಮಾಡುವುದೇ ಅರ್ಧ ಕೆಲಸ.

ಚರ್ಚಿನ ಪುಸ್ತಕಗಳೂ ಇವೆ. ಮಕ್ಕಳಿಗೆ ಕ್ಯಾಥೊಲಿಕ್ ದೀಕ್ಷೆ ಕೊಡುವಾಗ ಧರ್ಮಪಿತ, ಧರ್ಮಮಾತೆ ಬೇಕು. ಅಲ್ಲಿ ಅಪ್ಪನ ಪಾಲುದಾರನೇ, ಹೆಸರಿಗೆ ಒಂದು ಸ್ಪ್ಯಾನಿಶ್ ಹೆಸರು ಸಿಕ್ಕಿಸಿಕೊಂಡು, ಧರ್ಮಪಿತನಾಗಿ ನಿಂತಿರುತ್ತಾನೆ. ಅವನ ಹೆಂಡತಿ ಧರ್ಮಮಾತೆ. ಮೆಕ್ಸಿಕನ್ನರಲ್ಲಿ ಹೀಗೆ ನಿಂತವರು ಮಗುವಿನ ತಂದೆತಾಯಿಗೂ ನೆಂಟರಾಗುತ್ತಾರೆ, ಕಷ್ಟಸುಖಕ್ಕೆ ಆಗಬೇಕು. ಈ ನಂಟು ಕಟ್ಟಿದ್ದು ಪೂರ್ತಿ ಹೆಂಗಸರ ಕಡೆಯ ಪದ್ಧತಿ. ಪಾಲುದಾರರ ಒಪ್ಪಂದವನ್ನು ಕೋರ್ಟು ಮಾನ್ಯ ಮಾಡದ ಕಾಲದಲ್ಲಿ ಅದನ್ನು ಹಿಡಿದಿಟ್ಟ ಗಂಟುಗಳಲ್ಲಿ ಇದೂ ಒಂದು ಎಂದು ನನ್ನ ಅಂದಾಜು. ಗಂಡಸರು ಪೇಟ ತೆಗೆದು, ಸ್ಪ್ಯಾನಿಶ್ ಕಲಿತರು. ಹೆಂಗಸರು ರೊಟ್ಟಿ, ಕೋಳಿ ಸಾರು ಕಲಿತರು. ಉತ್ತರದ ಯೂಬಾ ಸಿಟಿಯಲ್ಲಿ ಇಂಥದ್ದೇ ಒಂದು ಕುಟುಂಬ 1950ರ ದಶಕದಿಂದ ಬಹಳ ವರ್ಷ ಹೋಟೆಲು ನಡೆಸಿತು, ಅಲ್ಲಿನ ಹೆಸರುವಾಸಿ ತಿಂಡಿ ರೊಟ್ಟಿಯಲ್ಲಿ ಮಾಡಿದ ಕ್ಯಾಸಡಿಯ, ಅಂದರೆ ಚೀಸು ತುಂಬಿ ಮಡಚಿದ ಮೆಕ್ಸಿಕನ್ ತಿಂಡಿ. ಬರೆಯುವವರೆಲ್ಲ ಈ ತಿಂಡಿಯ ಮೇಲೆ ಮುಗಿಬೀಳುತ್ತಾರೆ. ಪಾಪ, ಚೆನ್ನಾಗಿಯೇ ಇದ್ದಿರಬೇಕು.

1946ರ ಲೂಸ್-ಸೆಲರ್ ಕಾಯ್ದೆಯಿಂದ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು, ವರ್ಷಕ್ಕೆ 100 ಜನರಿಗೆ ವಲಸೆಯ ಅವಕಾಶವೂ ಸಿಕ್ಕಿತು. ಬರ್ಕ್ಲಿಯಲ್ಲಿ ಗಣಿತದ ಡಾಕ್ಟರೇಟ್ ಮಾಡಿ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯಕ್ಕಿಳಿದಿದ್ದ ದಲೀಪ್ ಸಿಂಗ್ ಸೌಂದ್ 1949ರಲ್ಲಿ ಪ್ರಜೆಯಾದರು. 1956ರ ನವೆಂಬರಿನ ಚುನಾವಣೆಯಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಗೆದ್ದರು. ಅದೇ ಮತಪತ್ರದಲ್ಲಿ ಕ್ಯಾಲಿಫೋರ್ನಿಯಾದ ಜನ ಹಳೇ ಭೂ ಕಾನೂನನ್ನೂ ರದ್ದು ಮಾಡಿದರು. ಸೌಂದ್ ಕಥೆ ಎಲ್ಲ ಕಡೆ ಸಿಗುತ್ತದೆ, ಹಾಗಾಗಿ ಇಲ್ಲಿ ಎಳೆಯುವುದಿಲ್ಲ.

ಬದಲಿಗೆ ಇನ್ನೊಂದು ಕೇಸು ಹೇಳುತ್ತೇನೆ, ಯಾಕೆಂದರೆ ಇಲ್ಲಿಯ ತನಕ ಮೂರನೆಯ ಒಂದು ಗುಂಪಿನ ಹೆಂಗಸರನ್ನು ನಾನೂ ಮಾತಿಗೆ ಎಳೆದಿಲ್ಲ: ಪಂಜಾಬಿನಲ್ಲಿ ಉಳಿದವರು. ಹೋದ ಗಂಡಸರಲ್ಲಿ ಎಷ್ಟೋ ಜನಕ್ಕೆ ಊರಿನಲ್ಲಿ ಆಗಲೇ ಮದುವೆಯಾಗಿತ್ತು. ದುಡ್ಡು ಬರುತ್ತಿತ್ತು, ಗಂಡ ಬರುತ್ತಿರಲಿಲ್ಲ. ದಲೀಪ್ ಸಿಂಗ್ ಬೀರ್ ಎಂಬವನು ಉಯಿಲು ಬರೆಯದೆ ಕ್ಯಾಲಿಫೋರ್ನಿಯಾದಲ್ಲಿ ಸತ್ತ. ಅವನ ಆಸ್ತಿಗೆ ಪಂಜಾಬಿನಿಂದ ಇಬ್ಬರು ಹಕ್ಕು ಸಾಧಿಸಿದರು, ಇಬ್ಬರೂ ಅವನ ಹೆಂಡತಿಯರು, ಸುಮಾರು ಐವತ್ತು ವರ್ಷದ ಹಿಂದೆ ಅಲ್ಲಿನ ಪದ್ಧತಿಯಂತೆ ಮದುವೆಯಾದವರು. ಕೆಳಗಿನ ಕೋರ್ಟು ಮೊದಲನೆಯವಳಿಗೆ ಮಾತ್ರ ಅಂದಿತು. 1948ರಲ್ಲಿ ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿ, ಬೇರೆ ಯಾರೂ ಹಕ್ಕು ಕೇಳಿಲ್ಲ, ಇಬ್ಬರೂ ಸಮನಾಗಿ ಹಂಚಿಕೊಳ್ಳಲಿ ಎಂದಿತು. ಇಬ್ಬರು ಹೆಂಡತಿಯರನ್ನು ಕರೆತಂದು ಇಲ್ಲೇ ಸಂಸಾರ ಮಾಡಿದ್ದರೆ ಮಾತು ಬೇರೆಯಿತ್ತು ಎಂದೂ ಸೇರಿಸಿತು. ಅವನು ಕರೆತರುವಂತೆಯೇ ಇರಲಿಲ್ಲ ಅನ್ನುವುದು 1917ರ ಕಾನೂನು ಓದಿದವರಿಗೆ ಗೊತ್ತು.

ಈ ತೀರ್ಪನ್ನು ಕುಟುಂಬ ಕಾನೂನಿನ ತರಗತಿಯಲ್ಲಿ ಬಹುಪತ್ನಿತ್ವದ ಉದಾಹರಣೆಯಾಗಿ ಓದಿಸುತ್ತಾರೆ. ನಾನು ಅದನ್ನು ಕೃಷಿ ಇತಿಹಾಸದ ಕಡತದಲ್ಲಿಟ್ಟಿದ್ದೇನೆ, ಭೂ ಕಾನೂನಿನ ಪ್ರತಿಯ ಹಿಂದೆ, ವಿಚ್ಛೇದನದ ಅರ್ಜಿಗಳ ಮುಂದೆ. ಮೇಷ್ಟ್ರೊಬ್ಬರು ಅದನ್ನು ನೋಡಿ ಇದು ಇಲ್ಲಿ ಯಾಕೆ ಅಂತ ಕೇಳಿದ್ದರು. ಈ ಬರಹ ಅವರಿಗೆ ನಾನು ಆಗ ಸರಿಯಾಗಿ ಕೊಡದ ಉತ್ತರ.